ಮಾರಾಟಕ್ಕೆ ಒಪ್ಪದ ಆಟಗಾರ

1969ರ ಅಕ್ಟೋಬರ್ ತಿಂಗಳು. ಅಮೆರಿಕದ ಸೇಂಟ್ ಲೂಯಿಸ್ ನಗರದ ಬೇಸ್‌ಬಾಲ್ ಆಟಗಾರ ಕರ್ಟ್ ಫ್ಲಡ್‌ಗೆ ಒಂದು ಫೋನ್ ಕರೆ ಬಂತು. ಕರೆ ಮಾಡಿದಾತ ತಂಡದ ಮಾಲೀಕನಲ್ಲ, ತರಬೇತುದಾರನೂ ಅಲ್ಲ. ತಂಡದ ಕಚೇರಿಯ ಮಧ್ಯಮ ದರ್ಜೆಯ ಒಬ್ಬ ಅಧಿಕಾರಿ. ಫ್ಲಡ್‌ನನ್ನು ಫಿಲಡೆಲ್ಫಿಯಾ ತಂಡಕ್ಕೆ ಕೊಡಲಾಗಿದೆ, ಬದಲಿಗೆ ಅಲ್ಲಿಯ ಆಟಗಾರರನ್ನು ತೆಗೆದುಕೊಳ್ಳಲಾಗಿದೆ ಎಂಬುದು ಆತ ತಿಳಿಸಿದ ಸುದ್ದಿ. ಹನ್ನೆರಡು ವರ್ಷ ಒಂದೇ ತಂಡಕ್ಕೆ ಆಡಿದವನಿಗೆ, ಆ ತಂಡ ಎರಡು ಬಾರಿ ವಿಶ್ವ ಸರಣಿ ಗೆದ್ದಾಗ ಮೈದಾನದ ನಡುವೆ ನಿಂತಿದ್ದವನಿಗೆ ಸಿಕ್ಕ ಬೀಳ್ಕೊಡುಗೆ ಇಷ್ಟೇ.

ಅಮೆರಿಕದ ಬೇಸ್‌ಬಾಲಿನಲ್ಲಿ ಇದು ಹೊಸ ಸಂಗತಿಯೇನೂ ಆಗಿರಲಿಲ್ಲ. ಸುಮಾರು ತೊಂಬತ್ತು ವರ್ಷಗಳಿಂದ ಆಟಗಾರರನ್ನು ಹೀಗೆಯೇ ಕೊಡಲಾಗುತ್ತಿತ್ತು, ಕೊಳ್ಳಲಾಗುತ್ತಿತ್ತು, ಅದಲುಬದಲು ಮಾಡಲಾಗುತ್ತಿತ್ತು. ಆಟಗಾರನ ಒಪ್ಪಿಗೆಯನ್ನು ಯಾರೂ ಕೇಳುತ್ತಿರಲಿಲ್ಲ. ಹೋಗೆಂದಲ್ಲಿಗೆ ಹೋಗಬೇಕು, ಇಲ್ಲವೇ ಆಟ ಬಿಡಬೇಕು. ಸಾವಿರಾರು ಆಟಗಾರರು ಗೊಣಗಿಕೊಂಡು ಗಂಟುಮೂಟೆ ಕಟ್ಟಿದ್ದರು. ಫ್ಲಡ್ ಮಾತ್ರ ಕಟ್ಟಲಿಲ್ಲ. ತಾನು ಮಾರಾಟದ ಸರಕಲ್ಲ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದ. ಅಲ್ಲಿ ಸೋತ. ಆದರೆ ಅವನು ಸೋತ ಮೂರೂವರೆ ವರ್ಷಗಳಲ್ಲಿ ಆ ಹಳೆಯ ಪದ್ಧತಿ ಮುರಿದುಬಿತ್ತು. ಅದರ ಫಲವನ್ನು ಉಂಡವರು ಬೇರೆಯವರು.

<b>ಮಧ್ಯಬಯಲಿನ ಕಾವಲುಗಾರ</b>

ಕ್ರಿಕೆಟ್ ಬಲ್ಲ ನಮಗೆ ಬೇಸ್‌ಬಾಲನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಅಲ್ಲಿಯೂ ಒಬ್ಬ ಚೆಂಡೆಸೆಯುತ್ತಾನೆ, ಒಬ್ಬ ಬ್ಯಾಟು ಬೀಸುತ್ತಾನೆ, ಉಳಿದವರು ಚೆಂಡು ತಡೆಯಲು ಕಾದು ನಿಂತಿರುತ್ತಾರೆ. ತಂಡಕ್ಕೆ ಒಂಬತ್ತು ಮಂದಿ. ಮೈದಾನ ಬೀಸಣಿಗೆಯ ಆಕಾರದ್ದು. ಹಿಡಿಯ ತುದಿಯಲ್ಲಿ ಬ್ಯಾಟುಗಾರ, ಅವನ ಮುಂದೆ ನಾಲ್ಕು ಮೂಲೆಗಳ ಒಂದು ಚೌಕ. ಆ ಮೂಲೆಗಳನ್ನು ಸುತ್ತಿ ಹೊರಟಲ್ಲಿಗೇ ಮರಳಿದರೆ ಒಂದು ರನ್. ಚೌಕದ ಆಚೆ ಬೇಲಿಯವರೆಗೆ ಹಬ್ಬಿದ ಹುಲ್ಲುಬಯಲನ್ನು ಕಾಯುವವರು ಮೂವರೇ: ಎಡಕ್ಕೊಬ್ಬ, ಬಲಕ್ಕೊಬ್ಬ, ನಡುವೆ ಒಬ್ಬ. ಇವರೇ ಔಟ್‌ಫೀಲ್ಡರುಗಳು. ಮೂವರಲ್ಲಿ ನಡುವಿನವನ ಹೊಣೆ ಹೆಚ್ಚು. ಅವನು ಓಡಬೇಕಾದ ನೆಲ ವಿಶಾಲ. ಬ್ಯಾಟಿಗೆ ಚೆಂಡು ತಗುಲಿದ ಸದ್ದು ಕೇಳಿದ ಕ್ಷಣವೇ ಅದು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿ, ಬೆನ್ನು ತಿರುಗಿಸಿ ಓಡಿ, ಬೇಲಿಯ ಬುಡದಲ್ಲಿ ಅದನ್ನು ಹಿಡಿಯಬೇಕು.

ಈ ಕೆಲಸದಲ್ಲಿ 1960ರ ದಶಕದಲ್ಲಿ ಫ್ಲಡ್‌ನನ್ನು ಮೀರಿಸಿದವರು ವಿರಳ. ಅತ್ಯುತ್ತಮ ಕ್ಷೇತ್ರರಕ್ಷಕರಿಗೆ ಕೊಡುವ ‘ಗೋಲ್ಡ್ ಗ್ಲೌವ್’ ಪ್ರಶಸ್ತಿ 1963ರಿಂದ 1969ರವರೆಗೆ ಸತತ ಏಳು ವರ್ಷ ಅವನಿಗೆ ಬಂತು. 1966ರ ಇಡೀ ಋತುವಿನಲ್ಲಿ ಒಂದೇ ಒಂದು ತಪ್ಪು ಮಾಡಲಿಲ್ಲ. 1965ರ ಕೊನೆಯಿಂದ 1967ರ ನಡುವಿನವರೆಗೆ ಸತತ 226 ಪಂದ್ಯಗಳನ್ನು ತಪ್ಪಿಲ್ಲದೆ ಆಡಿದ. ಬ್ಯಾಟು ಹಿಡಿದರೂ ಹಿಂದೆ ಬೀಳುವವನಲ್ಲ. ಬೇಸ್‌ಬಾಲಿನಲ್ಲಿ ಹತ್ತು ಅವಕಾಶಗಳಲ್ಲಿ ಮೂರು ಸಲ ಸರಿಯಾಗಿ ಹೊಡೆದವನು ಒಳ್ಳೆಯ ಬ್ಯಾಟುಗಾರ ಎಂದು ಲೆಕ್ಕ. ಫ್ಲಡ್ ಆರು ಋತುಗಳಲ್ಲಿ ಈ ಗೆರೆ ದಾಟಿದ. 1964ರಲ್ಲಿ 211 ಹೊಡೆತಗಳೊಂದಿಗೆ ತನ್ನ ಲೀಗಿನಲ್ಲಿ ಪೋರ್ಟೊರಿಕೊದ ಪ್ರಸಿದ್ಧ ಆಟಗಾರ ರಾಬರ್ಟೊ ಕ್ಲೆಮೆಂಟೆಯ ಜೊತೆ ಮೊದಲ ಸ್ಥಾನ ಹಂಚಿಕೊಂಡ.

<b>ದಕ್ಷಿಣದ ಪಾಠ</b>

ಫ್ಲಡ್ ಹುಟ್ಟಿದ್ದು 1938ರ ಜನವರಿ 18ರಂದು, ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ನಿನಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನ ಬಡ ಕಪ್ಪು ಜನರ ಬಡಾವಣೆಯಲ್ಲಿ. ಜಾರ್ಜ್ ಪೌಲ್ಸ್ ಎಂಬ ಬಿಳಿಯ ತರಬೇತುದಾರ ಅಲ್ಲಿಯ ಹುಡುಗರನ್ನು ಹುಡುಕಿ ಹುಡುಕಿ ಆಟಕ್ಕೆ ತಯಾರು ಮಾಡುತ್ತಿದ್ದ. ಫ್ಲಡ್, ಫ್ರ್ಯಾಂಕ್ ರಾಬಿನ್ಸನ್, ವೇಡ ಪಿನ್ಸನ್ ಮೂವರೂ ಅವನ ಗರಡಿಯಲ್ಲಿ ಪಳಗಿದವರು. ಮೂವರೂ ಮುಂದೆ ಹೆಸರಾಂತ ಔಟ್‌ಫೀಲ್ಡರುಗಳಾದರು.

1956ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಫ್ಲಡ್ ಸಿನ್ಸಿನಾಟಿ ತಂಡದೊಡನೆ ಒಪ್ಪಂದಕ್ಕೆ ಸಹಿ ಹಾಕಿದ. ಸಂಬಳ ವರ್ಷಕ್ಕೆ 4,000 ಡಾಲರ್. ಮೊದಲು ಕೆಳದರ್ಜೆಯ ಲೀಗಿನಲ್ಲಿ ಪಳಗಬೇಕೆಂದು ಅವನನ್ನು ದಕ್ಷಿಣದ ರಾಜ್ಯಗಳಿಗೆ ಕಳುಹಿಸಲಾಯಿತು. ಜಾಕಿ ರಾಬಿನ್ಸನ್ ಎಂಬ ಕಪ್ಪು ಆಟಗಾರ ಪ್ರಧಾನ ಲೀಗಿನ ವರ್ಣಬೇಲಿಯನ್ನು ಮುರಿದು ಆಗಲೇ ಒಂಬತ್ತು ವರ್ಷವಾಗಿತ್ತು. ಆದರೆ ನಾರ್ತ್ ಕೆರೋಲಿನಾ, ಜಾರ್ಜಿಯಾಗಳ ಸಣ್ಣ ಊರುಗಳಿಗೆ ಆ ಗಾಳಿ ಬೀಸಿರಲಿಲ್ಲ. ಸಹ ಆಟಗಾರರು ಹೋಟೆಲಿನಲ್ಲಿ ಕುಳಿತು ಉಂಡರೆ ಫ್ಲಡ್ ಹಿತ್ತಲ ಬಾಗಿಲಲ್ಲಿ ನಿಂತು ಊಟ ಪಡೆಯಬೇಕಿತ್ತು. ಅವರು ತಂಗುವ ಕಡೆ ಇವನಿಗೆ ಹಾಸಿಗೆ ಇಲ್ಲ. ಪ್ರೇಕ್ಷಕರ ಬೈಗುಳ ದಿನನಿತ್ಯದ್ದು.

ಅವನು ಮುಂದೆ ಹಲವು ಬಾರಿ ಹೇಳಿಕೊಂಡ ಒಂದು ಘಟನೆಯಿದೆ. ಅಂದು ಒಂದೇ ದಿನ ಎರಡು ಪಂದ್ಯಗಳು. ಮೊದಲ ಪಂದ್ಯ ಮುಗಿದ ಮೇಲೆ ಆಟಗಾರರೆಲ್ಲ ಬೆವರಿನ ಉಡುಪು ಕಳಚಿ ಒಗೆಯಲು ರಾಶಿ ಹಾಕಿದರು. ಫ್ಲಡ್ ಕೂಡ ತನ್ನ ಉಡುಪನ್ನು ಅದೇ ರಾಶಿಗೆ ಎಸೆದ. ಕೋಣೆಯ ಸಿಬ್ಬಂದಿ ಬೊಬ್ಬಿಟ್ಟು, ಉದ್ದನೆಯ ಕೋಲೊಂದನ್ನು ತಂದು, ಅವನ ಉಡುಪನ್ನು ಮಾತ್ರ ತುದಿಯಿಂದ ಎತ್ತಿ ಬೇರೆ ಹಾಕಿದ. ಅದು ಊರಿನ ಇನ್ನೊಂದು ಮೂಲೆಯಲ್ಲಿದ್ದ ಕಪ್ಪು ಜನರ ಅಗಸರ ಅಂಗಡಿಗೆ ಹೋಗಿ ಬರುವವರೆಗೆ ಫ್ಲಡ್ ಬರಿಮೈಯಲ್ಲಿ ಕುಳಿತಿರಬೇಕಾಯಿತು. ಉಳಿದವರು ಎರಡನೆಯ ಪಂದ್ಯಕ್ಕೆ ಮೈದಾನಕ್ಕಿಳಿದಿದ್ದರು. ಮುಟ್ಟು–ಮೈಲಿಗೆಯ ಕಥೆಗಳನ್ನು ಕೇಳಿ ಬೆಳೆದ ನಮಗೆ ಆ ಕೋಲು ಏನೆಂದು ವಿವರಿಸಬೇಕಾಗಿಲ್ಲ.

1957ರ ಚಳಿಗಾಲದಲ್ಲಿ ಫ್ಲಡ್ ವೆನಿಜುವೆಲಾದಲ್ಲಿ ಆಡುತ್ತಿದ್ದಾಗ ಒಂದು ತಂತಿ ಬಂತು. ಸಿನ್ಸಿನಾಟಿ ಅವನನ್ನು ಸೇಂಟ್ ಲೂಯಿಸ್‌ನ ಕಾರ್ಡಿನಲ್ಸ್ ತಂಡಕ್ಕೆ ದಾಟಿಸಿತ್ತು. ಹತ್ತೊಂಬತ್ತರ ಹುಡುಗನಿಗೆ ಅದು ದೊಡ್ಡ ಪೆಟ್ಟಾಯಿತು. ಇನ್ನೊಮ್ಮೆ ಹೀಗಾಗಲು ಬಿಡುವುದಿಲ್ಲವೆಂದು ಆಗಲೇ ನಿರ್ಧರಿಸಿಬಿಟ್ಟಿದ್ದನಂತೆ.

<b>ಸೇಂಟ್ ಲೂಯಿಸ್‌ನ ವರ್ಷಗಳು</b>

ಕಾರ್ಡಿನಲ್ಸ್ ತಂಡದ ಒಡೆಯ ಆಗಸ್ಟ್ ಬುಷ್. ಆನ್‌ಹೈಸರ್–ಬುಷ್ ಎಂಬ ಬೃಹತ್ ಬಿಯರ್ ಕಂಪೆನಿಯ ಮಾಲೀಕ. ಆ ಕಾಲದ ಕಾರ್ಡಿನಲ್ಸ್ ಒಂದು ಅಪರೂಪದ ತಂಡ. ಫ್ಲಡ್, ಚೆಂಡೆಸೆತಗಾರ ಬಾಬ್ ಗಿಬ್ಸನ್, ಬಿಲ್ ವೈಟ್ ಮೊದಲಾದ ಕಪ್ಪು ಆಟಗಾರರೂ ಟಿಮ್ ಮೆಕಾರ್ವರ್‌ನಂಥ ದಕ್ಷಿಣದ ಬಿಳಿಯರೂ ಅಲ್ಲಿ ನಿಜವಾದ ಸ್ನೇಹಿತರಾಗಿದ್ದರು. ಫ್ಲಾರಿಡಾದ ತರಬೇತಿ ಶಿಬಿರದಲ್ಲಿ ಕಪ್ಪು ಆಟಗಾರರಿಗೆ ಬೇರೆ ವಸತಿ ಎಂಬ ಪದ್ಧತಿಯನ್ನು 1961ರಲ್ಲಿ ವೈಟ್ ಬಹಿರಂಗವಾಗಿ ಪ್ರಶ್ನಿಸಿದ. ಅದರ ಫಲವಾಗಿ ತಂಡದವರೆಲ್ಲ ಸಂಸಾರ ಸಮೇತ ಒಂದೇ ವಸತಿಗೃಹದಲ್ಲಿ ಉಳಿಯುವಂತಾಯಿತು. 1962ರಲ್ಲಿ ಜಾಕಿ ರಾಬಿನ್ಸನ್ ಜೊತೆ ಫ್ಲಡ್ ಮಿಸಿಸಿಪಿಯ ಜಾಕ್ಸನ್ ನಗರಕ್ಕೆ ಹೋಗಿ ನಾಗರಿಕ ಹಕ್ಕುಗಳ ಸಭೆಯಲ್ಲಿ ಭಾಗವಹಿಸಿದ. ಆಡುತ್ತಿರುವ ಆಟಗಾರನೊಬ್ಬ ಅಂಥ ಕಡೆ ಕಾಣಿಸಿಕೊಳ್ಳುವುದು ಆಗ ಸಣ್ಣ ಧೈರ್ಯವಲ್ಲ.

1964ರಲ್ಲಿ ಕಾರ್ಡಿನಲ್ಸ್ ತಂಡ ನ್ಯೂಯಾರ್ಕ್ ಯಾಂಕೀಸ್ ತಂಡವನ್ನು ಸೋಲಿಸಿ ವಿಶ್ವ ಸರಣಿ ಗೆದ್ದಿತು. ಅದಾದ ಕೆಲವೇ ದಿನಗಳಲ್ಲಿ ಫ್ಲಡ್ ಓಕ್‌ಲೆಂಡಿನ ಹೊರವಲಯದಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದ. ಬಾಡಿಗೆಗೆ ಬರುವವನು ಕಪ್ಪು ಮನುಷ್ಯ ಎಂದು ತಿಳಿದೊಡನೆ ಬಂದೂಕಿನ ಬೆದರಿಕೆ ಎದುರಾಯಿತು. ಫ್ಲಡ್ ಹಿಂದೆ ಸರಿಯದೆ ಕೋರ್ಟಿನ ಆದೇಶ ತಂದು, ಪೊಲೀಸರ ಕಾವಲಿನಲ್ಲಿ ಆ ಮನೆಗೆ ಒಕ್ಕಲಾದ. ದೇಶವೇ ಚಪ್ಪಾಳೆ ತಟ್ಟಿದ ಆಟಗಾರನಿಗೆ ಬಾಡಿಗೆ ಮನೆಗೂ ನ್ಯಾಯಾಲಯವೇ ಬೇಕಾಯಿತು.

1967ರಲ್ಲಿ ಮತ್ತೊಮ್ಮೆ ವಿಶ್ವ ಸರಣಿಯ ಗೆಲುವು. 1968ರಲ್ಲಿ ಡೆಟ್ರಾಯಿಟ್ ವಿರುದ್ಧ ಏಳನೆಯ, ನಿರ್ಣಾಯಕ ಪಂದ್ಯ. ಎರಡೂ ಕಡೆ ರನ್ನಿಲ್ಲದೆ ಆಟ ಏಳನೆಯ ಸರದಿಗೆ ಬಂದಿತ್ತು. ಜಿಮ್ ನಾರ್ಥ್‌ರಪ್ ಹೊಡೆದ ಚೆಂಡು ಮಧ್ಯಬಯಲಿನತ್ತ ಬಂತು. ಫ್ಲಡ್ ಮೊದಲು ಒಂದೆರಡು ಹೆಜ್ಜೆ ಮುಂದಿಟ್ಟ, ಮತ್ತೆ ಹಿಂದಕ್ಕೆ ತಿರುಗುವಷ್ಟರಲ್ಲಿ ಕಾಲು ಜಾರಿತು. ಚೆಂಡು ತಲೆಯ ಮೇಲಿಂದ ಹಾರಿಹೋಯಿತು. ಎರಡು ರನ್ ಬಂದವು, ಪಂದ್ಯ 4–1ರಲ್ಲಿ ಕೈಬಿಟ್ಟಿತು. ತಪ್ಪು ತನ್ನದೇ ಎಂದು ಫ್ಲಡ್ ಒಪ್ಪಿಕೊಂಡ. ಮರುವರ್ಷ ತಂಡದ ಆಟ ಇಳಿಮುಖವಾಯಿತು, ಸಂಬಳದ ವಿಷಯಕ್ಕೆ ಒಡೆಯನಿಗೂ ಆಟಗಾರರಿಗೂ ಮನಸ್ತಾಪ ಬೆಳೆಯಿತು. ಆ ಋತು ಮುಗಿದದ್ದೇ ತಡ, ಫ್ಲಡ್, ಮೆಕಾರ್ವರ್ ಮತ್ತಿಬ್ಬರನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟು ಡಿಕ್ ಆ್ಯಲನ್ ಮೊದಲಾದ ಮೂವರನ್ನು ಪಡೆಯಲಾಯಿತು. ಈ ಆ್ಯಲನ್ ಕೂಡ ಕಪ್ಪು ಆಟಗಾರ. ಫಿಲಡೆಲ್ಫಿಯಾದ ಪ್ರೇಕ್ಷಕರು ಎಸೆಯುತ್ತಿದ್ದ ವಸ್ತುಗಳಿಂದ ತಲೆ ಕಾಪಾಡಿಕೊಳ್ಳಲು ಆತ ಮೈದಾನದಲ್ಲೂ ಹೆಲ್ಮೆಟ್ ಧರಿಸಿ ನಿಲ್ಲುತ್ತಿದ್ದ. ಆ ಊರಿಗೆ ಹೋಗಲು ಫ್ಲಡ್ ಹಿಂಜರಿದದ್ದರಲ್ಲಿ ಆಶ್ಚರ್ಯವಿಲ್ಲ.

<b>ಏನಿದು ಮೀಸಲು ಷರತ್ತು?</b>

ಆಟಗಾರರನ್ನು ಹೀಗೆ ದಾಟಿಸುವ ಅಧಿಕಾರ ಮಾಲೀಕರಿಗೆ ಎಲ್ಲಿಂದ ಬಂತು? ಇದಕ್ಕೆ 1879ಕ್ಕೆ ಹೋಗಬೇಕು. ಆ ವರ್ಷ ತಂಡಗಳ ಮಾಲೀಕರು ತಮ್ಮತಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡರು. ಪ್ರತಿ ತಂಡವೂ ಐವರು ಆಟಗಾರರನ್ನು ‘ಕಾಯ್ದಿರಿಸಿ’ಕೊಳ್ಳಬಹುದು, ಅವರನ್ನು ಬೇರೆ ಯಾವ ತಂಡವೂ ಕರೆಯಬಾರದು. ಐವರ ಮಿತಿ ಬರಬರುತ್ತ ಬೆಳೆದು ಇಡೀ ತಂಡಕ್ಕೆ ವ್ಯಾಪಿಸಿತು. ಕೊನೆಗೆ ಅದು ಪ್ರತಿ ಆಟಗಾರನ ಕರಾರಿನಲ್ಲಿ ಒಂದು ಷರತ್ತಾಗಿ ಸೇರಿತು. ಕರಾರು ಒಂದೇ ವರ್ಷದ್ದು. ಆದರೆ ವರ್ಷ ಮುಗಿದಾಗ ಆಟಗಾರ ಹೊಸ ಕರಾರಿಗೆ ಒಪ್ಪದಿದ್ದರೆ, ಹಳೆಯ ಕರಾರನ್ನೇ ಇನ್ನೊಂದು ವರ್ಷಕ್ಕೆ ಮುಂದುವರಿಸುವ ಹಕ್ಕು ತಂಡಕ್ಕಿತ್ತು. ಮುಂದುವರಿದ ಕರಾರಿನಲ್ಲೂ ಅದೇ ಷರತ್ತು ಇರುತ್ತದೆಯಾದ್ದರಿಂದ ಮತ್ತೊಂದು ವರ್ಷ, ಮಗದೊಂದು ವರ್ಷ. ಹೀಗೆ ಒಮ್ಮೆ ಹಾಕಿದ ಸಹಿ ಜನ್ಮಕ್ಕಂಟಿದ ಸಹಿಯಾಗುತ್ತಿತ್ತು. ತಂಡ ಬೇಕೆಂದಾಗ ಅವನನ್ನು ಬಿಡಬಹುದು, ಮಾರಬಹುದು, ಆದರೆ ಅವನು ತಾನಾಗಿ ಬಿಟ್ಟು ಹೋಗುವಂತಿಲ್ಲ.

ಮಾಲೀಕರ ವಾದ ಹೀಗಿತ್ತು: ಈ ಷರತ್ತು ಇಲ್ಲದಿದ್ದರೆ ಹಣವಂತ ತಂಡಗಳು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳುತ್ತವೆ, ಸ್ಪರ್ಧೆ ಸಾಯುತ್ತದೆ, ಆಟವೇ ಮುಳುಗುತ್ತದೆ. ಕೇಳಲು ಸರಿಯೆನಿಸುವ ಮಾತು. ಆದರೆ ಇದೇ ಷರತ್ತು ಜಾರಿಯಲ್ಲಿದ್ದಾಗಲೇ, 1949ರಿಂದ 1964ರವರೆಗಿನ ಹದಿನಾರು ವರ್ಷಗಳಲ್ಲಿ ಹದಿನಾಲ್ಕು ಬಾರಿ ಅಮೆರಿಕನ್ ಲೀಗಿನ ಪ್ರಶಸ್ತಿ ಯಾಂಕೀಸ್ ಎಂಬ ಒಂದೇ ಶ್ರೀಮಂತ ತಂಡದ ಪಾಲಾಗಿತ್ತು.

ಬೇರೆ ಯಾವುದೇ ಉದ್ಯಮದವರು ಹೀಗೆ ಕೂಡಿಕೊಂಡು ನೌಕರರನ್ನು ಕಟ್ಟಿಹಾಕಿದ್ದರೆ ಅಮೆರಿಕದ ಏಕಸ್ವಾಮ್ಯ ವಿರೋಧಿ ಕಾನೂನು ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಬೇಸ್‌ಬಾಲ್ ಮಾತ್ರ ಬಚಾವಾದದ್ದು 1922ರ ಒಂದು ತೀರ್ಪಿನಿಂದ. ಆಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹೋಮ್ಸ್ ಅವರು, ಬೇಸ್‌ಬಾಲ್ ಪಂದ್ಯಗಳು ಆಯಾ ರಾಜ್ಯದೊಳಗೆ ನಡೆಯುವ ಪ್ರದರ್ಶನಗಳು, ರಾಜ್ಯ ರಾಜ್ಯಗಳ ನಡುವಣ ವ್ಯಾಪಾರವಲ್ಲ, ಆದ್ದರಿಂದ ಈ ಕಾನೂನು ಅನ್ವಯಿಸದು ಎಂದರು. 1953ರಲ್ಲಿ ಪ್ರಶ್ನೆ ಮತ್ತೆ ಬಂದಾಗ, ಹಳೆಯ ತೀರ್ಪನ್ನು ಬದಲಿಸುವುದಿದ್ದರೆ ಸಂಸತ್ತು ಬದಲಿಸಲಿ ಎಂದು ಕೋರ್ಟು ಕೈತೊಳೆದುಕೊಂಡಿತು. ಮುಷ್ಟಿಯುದ್ಧ, ಅಮೆರಿಕನ್ ಫುಟ್‌ಬಾಲ್‌ಗಳಿಗೆ ಮಾತ್ರ ಈ ರಿಯಾಯಿತಿ ಇಲ್ಲವೆಂದು ಅದೇ ಕೋರ್ಟು ಅನಂತರ ಹೇಳಿತು.

<b>‘ಬೇರೆಯವರಿಗೆ ಒಳ್ಳೆಯದಾಗುವುದೇ?’</b>

ಆಟಗಾರರ ಸಂಘಕ್ಕೆ 1966ರಿಂದ ಮಾರ್ವಿನ್ ಮಿಲ್ಲರ್ ಮುಖ್ಯಸ್ಥನಾಗಿದ್ದ. ಉಕ್ಕು ಕಾರ್ಮಿಕರ ಸಂಘದಲ್ಲಿ ಪಳಗಿ ಬಂದವನು. ಕೋರ್ಟಿಗೆ ಹೋಗುವೆನೆಂದು ಫ್ಲಡ್ ಬಂದಾಗ ಅವನು ಹುರಿದುಂಬಿಸಲಿಲ್ಲ, ಬದಲಿಗೆ ಹೆದರಿಸಿದ. ಗೆಲ್ಲುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ವರ್ಷಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಆಡುವ ವಯಸ್ಸು ಮುಗಿದಿರುತ್ತದೆ. ಗೆದ್ದರೂ ನಿನಗೆ ಬಿಡಿಗಾಸು ಸಿಗದು, ಮುಂದೆ ತರಬೇತುದಾರನ ಕೆಲಸವನ್ನೂ ಯಾರೂ ಕೊಡರು ಎಂದೆಲ್ಲ ಬಿಡಿಸಿ ಹೇಳಿದ. ಫ್ಲಡ್ ಕೇಳಿದ್ದು ಒಂದೇ ಪ್ರಶ್ನೆ: ಇದರಿಂದ ಬೇರೆ ಆಟಗಾರರಿಗೆ, ಮುಂದೆ ಬರುವವರಿಗೆ ಒಳ್ಳೆಯದಾಗುವುದೇ? ಆಗುತ್ತದೆ ಎಂದ ಮಿಲ್ಲರ್. ಹಾಗಾದರೆ ಸರಿ ಎಂದ ಫ್ಲಡ್.

ಡಿಸೆಂಬರಿನಲ್ಲಿ ಪೋರ್ಟೊರಿಕೊದ ಸಾನ್ ಹ್ವಾನ್‌ನಲ್ಲಿ ಸಂಘದ ಪ್ರತಿನಿಧಿಗಳ ಸಭೆ ಸೇರಿತು. ಇದು ಕಪ್ಪು ಜನರ ಹೋರಾಟದ ಭಾಗವೇ ಎಂದು ಒಬ್ಬ ಆಟಗಾರ ನೇರವಾಗಿ ಕೇಳಿದ. ಕಪ್ಪು ಮನುಷ್ಯನಾಗಿರುವುದರಿಂದ ತನಗೆ ಅನ್ಯಾಯ ಬೇಗ ಕಾಣುತ್ತದೆ, ಆದರೆ ಈ ಷರತ್ತು ಎಲ್ಲ ಆಟಗಾರರನ್ನೂ ಕಟ್ಟಿಹಾಕಿದೆ, ಹೋರಾಟವೂ ಎಲ್ಲರದು ಎಂಬುದು ಫ್ಲಡ್‌ನ ಉತ್ತರದ ತಾತ್ಪರ್ಯ. ಸಭೆ ಒಮ್ಮತದಿಂದ ಬೆಂಬಲಿಸಿತು. ವಕೀಲರ ವೆಚ್ಚವನ್ನು ಸಂಘವೇ ವಹಿಸಿಕೊಂಡಿತು.

1969ರ ಕ್ರಿಸ್‌ಮಸ್‌ನ ಮುನ್ನಾದಿನ ಫ್ಲಡ್ ಬೇಸ್‌ಬಾಲ್ ಆಯುಕ್ತ ಬೋವೀ ಕೂನ್‌ಗೆ ಒಂದು ಚಿಕ್ಕ ಪತ್ರ ಬರೆದ. ಹನ್ನೆರಡು ವರ್ಷ ಆಡಿದ ಬಳಿಕವೂ ತನ್ನ ಇಷ್ಟಾನಿಷ್ಟ ಕೇಳದೆ ಕೊಳ್ಳುವ, ಮಾರುವ ಆಸ್ತಿ ತಾನೆಂದು ತನಗನ್ನಿಸುವುದಿಲ್ಲ. ಇಂಥ ಪದ್ಧತಿ ನಾಗರಿಕನಾಗಿ ತನಗಿರುವ ಮೂಲ ಹಕ್ಕುಗಳಿಗೆ ವಿರುದ್ಧ. ಬೇರೆ ತಂಡಗಳಿಂದಲೂ ಆಹ್ವಾನ ಪಡೆಯುವ ಅವಕಾಶ ತನಗೆ ಬೇಕು. ಪತ್ರದ ಸಾರ ಇಷ್ಟು. ಕೂನ್ ನಿರಾಕರಿಸಿದ. 1970ರ ಜನವರಿ 16ರಂದು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ದಾಖಲಾಯಿತು. ಏಕಸ್ವಾಮ್ಯ ವಿರೋಧಿ ಕಾನೂನಿನ ಜೊತೆಗೆ, ಗುಲಾಮಗಿರಿಯನ್ನು ನಿಷೇಧಿಸಿದ ಸಂವಿಧಾನದ 13ನೇ ತಿದ್ದುಪಡಿಯನ್ನೂ ಅದರಲ್ಲಿ ಉಲ್ಲೇಖಿಸಲಾಗಿತ್ತು.

ಜನರಿಗೆ ಇದು ಅತಿರೇಕವೆನಿಸಿತು. ಆಗ ಫ್ಲಡ್‌ನ ವಾರ್ಷಿಕ ಸಂಬಳ 90,000 ಡಾಲರ್. ಕಾರ್ಖಾನೆಯ ಕೆಲಸಗಾರ ಕನಸಿನಲ್ಲೂ ಕಾಣದ ಮೊತ್ತ. ಇಂಥವನು ಗುಲಾಮಗಿರಿಯ ಮಾತೆತ್ತುವುದೇ? ದೂರದರ್ಶನದ ಸಂದರ್ಶನದಲ್ಲಿ ಹಾವರ್ಡ್ ಕೋಸೆಲ್ ಇದನ್ನೇ ಕೆಣಕಿ ಕೇಳಿದಾಗ ಫ್ಲಡ್ ಕೊಟ್ಟ ಉತ್ತರ ಪ್ರಸಿದ್ಧವಾಯಿತು: ಒಳ್ಳೆಯ ಸಂಬಳ ಪಡೆಯುವ ಗುಲಾಮನೂ ಗುಲಾಮನೇ.

ಹತ್ತಿ ಹೊಲದಲ್ಲಿ ಚಾಟಿಯೇಟು ತಿಂದವರ ಬದುಕಿಗೂ ಆಟಗಾರನ ಬದುಕಿಗೂ ಹೋಲಿಕೆಯಿಲ್ಲ ಎಂಬುದು ನಿಜ. ಅದು ಫ್ಲಡ್‌ಗೂ ಗೊತ್ತಿತ್ತು. ಅವನು ಎತ್ತಿದ್ದು ನೋವಿನ ಪ್ರಶ್ನೆಯನ್ನಲ್ಲ, ಒಡೆತನದ ಪ್ರಶ್ನೆಯನ್ನು. ನಮ್ಮ ಹಳ್ಳಿಗಳಲ್ಲಿ ಜೀತದಾಳನ್ನು ಕೂಲಿಯಾಳಿನಿಂದ ಬೇರೆ ಮಾಡುತ್ತಿದ್ದುದು ಅವನ ತಟ್ಟೆಯಲ್ಲಿ ಎಷ್ಟಿತ್ತು ಎಂಬುದಲ್ಲ, ಮರುದಿನ ಬೇರೆ ಮನೆಗೆ ಕೆಲಸಕ್ಕೆ ಹೋಗಬಲ್ಲನೇ ಎಂಬುದು. ಅಳತೆ ಅದೇ.

<b>ಖಾಲಿ ಬೆಂಚುಗಳು</b>

1970ರ ಮೇ ತಿಂಗಳಲ್ಲಿ ವಿಚಾರಣೆ ಆರಂಭವಾಯಿತು. ಫ್ಲಡ್‌ನ ಪರ ಸಾಕ್ಷಿ ಹೇಳಲು ಜಾಕಿ ರಾಬಿನ್ಸನ್ ಬಂದ. ಸಕ್ಕರೆ ಕಾಯಿಲೆಯಿಂದ ಅವನ ದೇಹ ಜರ್ಜರಿತವಾಗಿತ್ತು. 1956ರಲ್ಲಿ ಅವನನ್ನೂ ಬದ್ಧವೈರಿ ತಂಡಕ್ಕೆ ದಾಟಿಸಲಾಗಿತ್ತು. ಹೋಗುವ ಬದಲು ಅವನು ಆಟಕ್ಕೇ ವಿದಾಯ ಹೇಳಿದ್ದ. ಯಹೂದಿ ಸಮುದಾಯದ ಹಿರಿಯ ಆಟಗಾರ ಹ್ಯಾಂಕ್ ಗ್ರೀನ್‌ಬರ್ಗ್ ಬಂದ. ಮಾಲೀಕರ ಬಳಗಕ್ಕೇ ಸೇರಿದ್ದ ಬಿಲ್ ವೀಕ್ ಕೂಡ ಷರತ್ತಿನ ವಿರುದ್ಧ ನುಡಿದ. ಆದರೆ ಆಗ ಆಡುತ್ತಿದ್ದ ಆಟಗಾರರಲ್ಲಿ ಒಬ್ಬನೂ ಸಾಕ್ಷಿ ಕಟ್ಟೆಗೆ ಬರಲಿಲ್ಲ, ನ್ಯಾಯಾಲಯದಲ್ಲಿ ಸುಮ್ಮನೆ ಬಂದು ಕೂರಲೂ ಇಲ್ಲ. ಯಾರಿಗಾಗಿ ಹೋರಾಟವೋ ಅವರೇ ಅಲ್ಲಿರಲಿಲ್ಲ. ಅವರನ್ನು ದೂರಿ ಫಲವಿಲ್ಲ, ಅವರ ಅನ್ನವೂ ಅದೇ ಮಾಲೀಕರ ಕೈಯಲ್ಲಿತ್ತು.

ಆಗಸ್ಟಿನಲ್ಲಿ ತೀರ್ಪು ವಿರುದ್ಧವಾಗಿ ಬಂತು, ಮರುವರ್ಷ ಮೇಲ್ಮನವಿಯೂ ಬಿದ್ದುಹೋಯಿತು. ಫ್ಲಡ್ 1970ರ ಇಡೀ ಋತುವನ್ನು ಆಡದೆ ಕಳೆದಿದ್ದ. ಸಂಬಳ ನಿಂತಿತ್ತು, ಸೇಂಟ್ ಲೂಯಿಸ್‌ನಲ್ಲಿ ನಡೆಸುತ್ತಿದ್ದ ವ್ಯವಹಾರ ಕುಸಿದಿತ್ತು. 1971ರಲ್ಲಿ ವಾಷಿಂಗ್ಟನ್ ಸೆನೆಟರ್ಸ್ ತಂಡ 1,10,000 ಡಾಲರಿಗೆ ಕರೆದಾಗ, ದಾವೆಗೆ ಬಾಧಕವಾಗದೆಂದು ಖಚಿತಪಡಿಸಿಕೊಂಡು ಒಪ್ಪಿದ. ಆದರೆ ಒಂದು ವರ್ಷದ ಅಜ್ಞಾತವಾಸ ಅವನ ಕಾಲಿನ ವೇಗವನ್ನೂ ಕಣ್ಣಿನ ಚುರುಕನ್ನೂ ತಿಂದುಹಾಕಿತ್ತು. ಬೆದರಿಕೆ ಪತ್ರಗಳು ಬರುತ್ತಲೇ ಇದ್ದವು. ಒಮ್ಮೆ ಯಾಂಕೀ ಮೈದಾನದಲ್ಲಿ ತನ್ನ ಉಡುಪಿನ ಕಪಾಟಿನ ಬಳಿ ಹೋದರೆ ಅಲ್ಲಿ ಶವಕ್ಕಿಡುವ ಹೂಚಕ್ರ ಕಾದಿತ್ತು. ಹದಿಮೂರು ಪಂದ್ಯಗಳಲ್ಲಿ ಏಳೇ ಹೊಡೆತ. ಏಪ್ರಿಲ್ ಕೊನೆಯಲ್ಲಿ ತಂಡದ ಒಡೆಯನಿಗೊಂದು ತಂತಿ ಕಳುಹಿಸಿ ವಿಮಾನ ಹತ್ತಿ ದೇಶವನ್ನೇ ಬಿಟ್ಟ. ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಒಂದು ಬಾರ್ ನಡೆಸುತ್ತ, ಕುಡಿತಕ್ಕೆ ಬಿದ್ದು, ವರ್ಷಗಳನ್ನು ಕಳೆದ. ಆಗಿನ್ನೂ ಅವನಿಗೆ ಮೂವತ್ಮೂರು.

<b>ವಿಚಿತ್ರ ತೀರ್ಪು</b>

ಸುಪ್ರೀಂ ಕೋರ್ಟಿನಲ್ಲಿ 1972ರ ಮಾರ್ಚ್ 20ರಂದು ವಾದ ನಡೆಯಿತು. ಫ್ಲಡ್‌ನ ವಕೀಲ ಆರ್ಥರ್ ಗೋಲ್ಡ್‌ಬರ್ಗ್. ಹಿಂದೆ ಅದೇ ಪೀಠದಲ್ಲಿ ನ್ಯಾಯಮೂರ್ತಿಯಾಗಿದ್ದವರು. ಅಂದು ಅವರ ವಾದ ಕಳೆಗಟ್ಟಲಿಲ್ಲ. ಕಾನೂನಿನ ತಿರುಳಿಗೆ ಹೋಗುವ ಬದಲು ಫ್ಲಡ್‌ನ ಆಟದ ಅಂಕಿಅಂಶಗಳನ್ನು ಎಣಿಸುತ್ತ ತಡವರಿಸಿದರು. ನ್ಯಾಯಮೂರ್ತಿ ಪೊವೆಲ್ ಅವರ ಬಳಿ ಆನ್‌ಹೈಸರ್–ಬುಷ್ ಕಂಪೆನಿಯ ಷೇರುಗಳಿದ್ದುದರಿಂದ ಅವರು ಪ್ರಕರಣದಿಂದ ಹಿಂದೆ ಸರಿದರು. ಉಳಿದ ಎಂಟು ಮಂದಿಯಲ್ಲಿ ಐವರು ವಿರುದ್ಧ, ಮೂವರು ಪರ. ಜೂನ್ 19ರಂದು ಫ್ಲಡ್ ಸೋತ.

ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಬ್ಲಾಕ್‌ಮನ್. ಅದರ ಮೊದಲ ಭಾಗ ತೀರ್ಪಿಗಿಂತ ಆಟದ ಸ್ತೋತ್ರದಂತಿದೆ. ಬೇಸ್‌ಬಾಲಿನ ಇತಿಹಾಸವನ್ನು ಹೊಗಳಿ, ಎಂಬತ್ತಕ್ಕೂ ಹೆಚ್ಚು ಹಳೆಯ ಆಟಗಾರರ ಹೆಸರುಗಳನ್ನು ಪಟ್ಟಿ ಮಾಡಿದ್ದಾರೆ. ಅವರ ಪಕ್ಷದಲ್ಲಿದ್ದ ಇಬ್ಬರು ನ್ಯಾಯಮೂರ್ತಿಗಳೇ ಈ ಭಾಗಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಆಮೇಲೆ ಬರುವ ಮಾತು ಇನ್ನೂ ವಿಚಿತ್ರ. ವೃತ್ತಿಪರ ಬೇಸ್‌ಬಾಲ್ ಅಂತರರಾಜ್ಯ ವ್ಯಾಪಾರವೇ ಹೌದು, ಅದಕ್ಕೆ ಮಾತ್ರ ಕೊಟ್ಟಿರುವ ವಿನಾಯಿತಿ ಅಸಂಗತ ಎಂದು ತೀರ್ಪು ಒಪ್ಪಿಕೊಳ್ಳುತ್ತದೆ. ಆದರೆ ಐವತ್ತು ವರ್ಷಗಳಿಂದ ಇದು ನಡೆದು ಬಂದಿದೆ, ತಿದ್ದುವುದಿದ್ದರೆ ಸಂಸತ್ತು ತಿದ್ದಲಿ ಎಂದು ಮುಗಿಯುತ್ತದೆ. ತಪ್ಪೆಂದು ಗೊತ್ತಿದೆ, ಆದರೆ ಹಳೆಯ ತಪ್ಪು!

ಭಿನ್ನಮತ ಬರೆದವರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ತರ್ಗುಡ್ ಮಾರ್ಷಲ್ ಒಬ್ಬರು. ಮಾಲೀಕರು ತಮ್ಮತಮ್ಮೊಳಗೆ ಆಟಗಾರನ ಸೇವೆಯನ್ನು ವಿನಿಮಯ ಮಾಡಿಕೊಳ್ಳುತ್ತಿದ್ದುದು ಹೊರಗಿನವರ ಕಣ್ಣಿಗೆ ಗುಲಾಮಗಿರಿಯಂತೆಯೇ ಕಂಡೀತು ಎಂದು ಅವರು ಬರೆದರು.

<b>ಸೋಲಿನ ಬಳಿಕ</b>

ದಾವೆ ಬಿತ್ತು, ಆದರೆ ಷರತ್ತಿನ ಮಾನ ಬೀದಿಗೆ ಬಂದಿತ್ತು. ಪ್ರತಿ ಮನೆಯಲ್ಲೂ ಅದರ ಚರ್ಚೆ ನಡೆದಿತ್ತು. ಇಂಥ ವಿಷಯಗಳು ಕೋರ್ಟಿನಲ್ಲಲ್ಲ, ಮಾತುಕತೆಯಲ್ಲಿ ಇತ್ಯರ್ಥವಾಗಬೇಕು ಎಂದು ವಾದಿಸಿ ಗೆದ್ದ ಮಾಲೀಕರು ಈಗ ಮಾತುಕತೆಗೆ ಕೂರದೆ ಇರುವಂತಿರಲಿಲ್ಲ. ದಾವೆ ನಡೆಯುತ್ತಿದ್ದಾಗಲೇ, 1970ರಲ್ಲಿ, ತಕರಾರುಗಳನ್ನು ತಟಸ್ಥ ಮಧ್ಯಸ್ಥಗಾರನ ಮುಂದಿಡಲು ಒಪ್ಪಿದ್ದರು. 1973ರಲ್ಲಿ ಇನ್ನೊಂದು ನಿಯಮ ಬಂತು. ಹತ್ತು ವರ್ಷ ಆಡಿ, ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವನನ್ನು ಅವನ ಒಪ್ಪಿಗೆಯಿಲ್ಲದೆ ದಾಟಿಸುವಂತಿಲ್ಲ. ಫ್ಲಡ್ ಕೇಳಿದ್ದೇ ಇದನ್ನು. ನಾಲ್ಕು ವರ್ಷ ಮೊದಲೇ ಇದು ಬಂದಿದ್ದರೆ ಅವನು ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿರಲಿಲ್ಲ.

ಕೊನೆಯ ಏಟು ಬಿದ್ದದ್ದು 1975ರಲ್ಲಿ. ಆ್ಯಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಎಂಬ ಇಬ್ಬರು ಚೆಂಡೆಸೆತಗಾರರು ಕರಾರಿಗೆ ಸಹಿ ಹಾಕದೆ ಆ ಋತುವನ್ನು ಆರಂಭಿಸಿದರು. ಕರಾರಿನಲ್ಲಿ ‘ಒಂದು ವರ್ಷ’ ಮುಂದುವರಿಸಬಹುದು ಎಂದಿದೆ. ಒಂದು ವರ್ಷವೆಂದರೆ ಒಂದೇ ವರ್ಷ, ಎಂದೆಂದಿಗೂ ಅಲ್ಲ ಎಂಬುದು ಅವರ ಸರಳ ವಾದ. ಡಿಸೆಂಬರ್ 23ರಂದು ಮಧ್ಯಸ್ಥಗಾರ ಪೀಟರ್ ಸೈಟ್ಸ್ ಅದನ್ನು ಎತ್ತಿಹಿಡಿದ. ಮಾಲೀಕರು ಕೂಡಲೇ ಅವನನ್ನು ಕೆಲಸದಿಂದ ಕಿತ್ತುಹಾಕಿದರು, ಕೋರ್ಟಿಗೂ ಹೋದರು. ಈ ಬಾರಿ ಸೋತವರು ಅವರು. 1976ರ ಒಪ್ಪಂದದಂತೆ ಆರು ವರ್ಷ ಆಡಿದ ಆಟಗಾರ ಸ್ವತಂತ್ರನಾಗಿ ತನಗೆ ಬೇಕಾದ ತಂಡ ಸೇರುವ ಹಕ್ಕು ಪಡೆದ. ಆ ವರ್ಷವೇ ರೆಜೀ ಜಾಕ್ಸನ್ ಎಂಬ ಔಟ್‌ಫೀಲ್ಡರ್ ಐದು ವರ್ಷಕ್ಕೆ ಸುಮಾರು 30 ಲಕ್ಷ ಡಾಲರಿಗೆ ಯಾಂಕೀಸ್ ಸೇರಿದ.

ಆಟ ಮುಳುಗಿತೇ? ಇಲ್ಲ. 1978ರಿಂದ 1987ರವರೆಗಿನ ಹತ್ತು ವರ್ಷಗಳಲ್ಲಿ ಹತ್ತು ಬೇರೆ ಬೇರೆ ತಂಡಗಳು ವಿಶ್ವ ಸರಣಿ ಗೆದ್ದವು. ತೊಂಬತ್ತು ವರ್ಷಗಳ ಭಯ ಹತ್ತೇ ವರ್ಷಗಳಲ್ಲಿ ಸುಳ್ಳಾಯಿತು.

ಫ್ಲಡ್ 1970ರ ದಶಕದ ನಡುವಿನಲ್ಲಿ ಅಮೆರಿಕಕ್ಕೆ ಮರಳಿದ. 1978ರಲ್ಲಿ ಓಕ್‌ಲೆಂಡ್ ತಂಡದ ವೀಕ್ಷಕ ವಿವರಣೆಗಾರನಾಗಿದ್ದ, ಊರಿನ ಮಕ್ಕಳ ಬೇಸ್‌ಬಾಲ್ ನೋಡಿಕೊಂಡ. ಕುಡಿತದಿಂದ ಹೊರಬಂದು, 1986ರಲ್ಲಿ ನಟಿ ಜೂಡಿ ಪೇಸ್‌ಳನ್ನು ಮದುವೆಯಾದ. 1994ರಲ್ಲಿ ಆಟಗಾರರು ಮುಷ್ಕರ ಹೂಡಿದಾಗ ಅವರ ಸಭೆಗೆ ಹೋಗಿ ಮಾತನಾಡಿದ. ಅವನು ಆಡುವುದನ್ನು ಕಂಡೇ ಇರದ ತರುಣ ಆಟಗಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ನ್ಯಾಯಾಲಯದಲ್ಲಿ ಖಾಲಿಯಿದ್ದ ಬೆಂಚುಗಳು ಅಂದು ತುಂಬಿದವು ಎನ್ನಬಹುದು. 1997ರ ಜನವರಿ 20ರಂದು, ಐವತ್ತೊಂಬತ್ತು ತುಂಬಿದ ಎರಡೇ ದಿನಕ್ಕೆ, ಗಂಟಲಿನ ಕ್ಯಾನ್ಸರಿನಿಂದ ನರಳುತ್ತಿದ್ದ ಫ್ಲಡ್ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡ. ಅಂದು ಅಮೆರಿಕ ಮಾರ್ಟಿನ್ ಲೂಥರ್ ಕಿಂಗ್ ದಿನವನ್ನು ಆಚರಿಸುತ್ತಿತ್ತು.

ಸುಪ್ರೀಂ ಕೋರ್ಟು ಸಂಸತ್ತಿಗೆ ಬಿಟ್ಟಿದ್ದ ಕೆಲಸ 1998ರಲ್ಲಿ ಆಯಿತು. ಪ್ರಧಾನ ಲೀಗಿನ ಆಟಗಾರರ ನೌಕರಿಯ ಮಟ್ಟಿಗೆ ಬೇಸ್‌ಬಾಲಿಗೂ ಏಕಸ್ವಾಮ್ಯ ವಿರೋಧಿ ಕಾನೂನು ಅನ್ವಯಿಸುತ್ತದೆ ಎನ್ನುವ ಆ ಕಾಯಿದೆಗೆ ಇಟ್ಟ ಹೆಸರು ‘ಕರ್ಟ್ ಫ್ಲಡ್ ಕಾಯಿದೆ’. ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದಾಗ ಫ್ಲಡ್ ಸತ್ತು ಇಪ್ಪತ್ತೊಂದು ತಿಂಗಳಾಗಿತ್ತು. 2024ರ ಡಿಸೆಂಬರಿನಲ್ಲಿ ಹ್ವಾನ್ ಸೋಟೊ ಎಂಬ ಇಪ್ಪತ್ತಾರರ ತರುಣ ನ್ಯೂಯಾರ್ಕ್ ಮೆಟ್ಸ್ ತಂಡದೊಡನೆ ಹದಿನೈದು ವರ್ಷಗಳಿಗೆ 76.5 ಕೋಟಿ ಡಾಲರಿನ ಕರಾರು ಮಾಡಿಕೊಂಡ. ಅವನೂ ಔಟ್‌ಫೀಲ್ಡರನೇ. ಹಲವು ತಂಡಗಳು ಅವನ ಬಾಗಿಲು ತಟ್ಟಿದವು. ಯಾರಿಗೆ ಹೂಂ ಎನ್ನಬೇಕೆಂದು ತೀರ್ಮಾನಿಸಿದವನು ಅವನು. ಕರ್ಟ್ ಫ್ಲಡ್ ಕೇಳಿದ್ದು ಆ ಕೋಟಿಗಳನ್ನಲ್ಲ, ಆ ತೀರ್ಮಾನದ ಹಕ್ಕನ್ನು.